ಟಾಕಿಗೂ ಟ್ಯಾಂಕಿಗೂ ವ್ಯತ್ಯಾಸ ತೋರಿಸಿದ ನಿರ್ದೇಶಕರಿಗೆ

‘ಟ್ಯಾಂಕಿನೊಳಗೆ’ ಚಲನಚಿತ್ರದ ನಿರ್ದೇಶಕ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಬೆಟಗೇರಿಯ ಭಾಂಡೆ ವ್ಯಾಪಾರಿ ಅಂದಾನಪ್ಪನ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ, ತಮ್ಮ ಚಿತ್ರ ನೋಡಿ ಬಂದ ಮೇಲೆ ಆ ವಾಕ್ಯ ಬರೆಯಲು ಪೆನ್ನು ಒಪ್ಪುತ್ತಿಲ್ಲವಾದ್ದರಿಂದ, ತಾವಾದರೂ ಗಾಳಿ ಬೆಳಕು ಚೆನ್ನಾಗಿರುವ ಕೋಣೆಯಲ್ಲಿ, ಕಿಟಕಿಗಳನ್ನೆಲ್ಲ ತೆರೆದಿಟ್ಟುಕೊಂಡು, ಕಾಲು ಚಾಚಿ ಕುಳಿತಿದ್ದೀರೆಂದು ಭಾವಿಸಿ ಮುಂದುವರಿಯುತ್ತೇನೆ.

ಮೊದಲು ತಮ್ಮನ್ನು ಹೊಗಳುವುದು ನನ್ನ ಧರ್ಮ. ಮೀಸೆ ಸರಿಯಾಗಿ ಮೂಡದ ನಾಲ್ವರು ಹುಡುಗರನ್ನು ಯುದ್ಧದ ಟ್ಯಾಂಕಿನಲ್ಲಿ ತುರುಕಿ, ಮೇಲಿನ ಮುಚ್ಚಳ ಹಾಕಿ, ಚಿತ್ರ ಮುಗಿಯುವವರೆಗೆ ಕ್ಯಾಮೆರಾವನ್ನು ಒಂದು ಸಲವೂ ಹೊರಗೆ ತರದ ತಮ್ಮ ಹಟವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಅವರ ಬೆವರು, ಕಾಲಡಿಯ ಎಣ್ಣೆ ಬೆರೆತ ನೀರು, ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ ತಾಗುವ ಇಕ್ಕಟ್ಟು ಇವೆಲ್ಲವನ್ನೂ ತಾವು ಎಷ್ಟು ಚೆನ್ನಾಗಿ ತೋರಿಸಿದ್ದೀರೆಂದರೆ, ನನ್ನ ಮುಂದಿನ ಸಾಲಿನಲ್ಲಿದ್ದ ಗೃಹಸ್ಥರೊಬ್ಬರು ಮಧ್ಯಂತರಕ್ಕೆ ಮೊದಲೇ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿಕೊಂಡು ಕುಳಿತಿದ್ದರು. ನಾನು ಪಾತ್ರೆ ಮಾರುವವನು, ಮುಚ್ಚಳದ ವಿಷಯ ಅಷ್ಟಿಷ್ಟು ಬಲ್ಲೆ. ನಮ್ಮ ಅಂಗಡಿಯ ಅತಿ ಅಗ್ಗದ ಕುಕ್ಕರಿಗೂ ಉಸಿರು ಬಿಡಲು ಒಂದು ತೂತು, ಕೂಗಿಕೊಳ್ಳಲು ಒಂದು ಸೀಟಿ ಇರುತ್ತದೆ. ತಾವು ಆ ಹುಡುಗರಿಗೆ ಅಷ್ಟನ್ನೂ ಇಡದೆ ಕಲೆಯ ಔನ್ನತ್ಯವನ್ನು ಕಾಪಾಡಿದ್ದೀರಿ.

ಇನ್ನು ತಕರಾರಿಗೆ ಬರುತ್ತೇನೆ. ಅದು ಅರ್ಥವಾಗಬೇಕಾದರೆ ತಮಗೆ ನಮ್ಮ ಕಡೆಯ ಒಂದು ಮಾತು ಗೊತ್ತಿರಬೇಕು. ಗದಗ-ಬೆಟಗೇರಿಯಲ್ಲಿ, ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ, ನೀರು ತುಂಬಿಡುವ ತೊಟ್ಟಿಗೆಲ್ಲ ಜನ ಟಾಕಿ ಎನ್ನುತ್ತಾರೆ. ಅದು ಮನೆಯ ಮೇಲಿದ್ದರೂ ಟಾಕಿ, ಅಂಗಳದ ನೆಲದಲ್ಲಿ ಹೂತಿದ್ದರೂ ಟಾಕಿ. ಯಾರಾದರೂ ಓದಿದವರು ಬಂದು ಟ್ಯಾಂಕ್ ಎಂದರೆ, ಪಾಪ, ಟಾಕಿಯನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾರೆಂದು ತಿಳಿದು ಅವರಿಗೆ ಒಂದು ಲೋಟ ನೀರು ಕೊಡುತ್ತಾರೆ. ನೀರು ಬರುವ ದಿನಕ್ಕಾಗಿ ಹಬ್ಬಕ್ಕಿಂತ ಹೆಚ್ಚು ಕಾಯುವ ಊರಿನಲ್ಲಿ ಈ ಶಬ್ದಕ್ಕೆ ಇನ್ನೊಂದು ಅರ್ಥವಿರುವುದು ಯಾರಿಗೂ ಬೇಕಾಗಿರಲಿಲ್ಲ.

ನಮ್ಮ ಒಬ್ಬನೇ ಮಗ ನಂದೀಶ ಸೈನ್ಯ ಸೇರಿದಾಗ ನನ್ನ ಧರ್ಮಪತ್ನಿ ಸುಮಿತ್ರವ್ವ ಊಟ ಬಿಟ್ಟಳು, ಆಮೇಲೆ ನಿದ್ದೆ ಬಿಟ್ಟಳು. ಓಣಿಯಲ್ಲಿ ಸೈಕಲ್ಲು ಬಿದ್ದ ಸದ್ದಾದರೂ ಬೆಚ್ಚಿ ಎದ್ದು ಕೂಡುತ್ತಿದ್ದಳು. ಹೀಗಿರುವಾಗ ಒಂದು ದಿನ ರಾಜಸ್ಥಾನದಿಂದ ಫೋನು ಮಾಡಿದ ಮಗ, “ಯವ್ವಾ, ನನಗ ಟ್ಯಾಂಕ್ ಡ್ಯೂಟಿ ಕೊಟ್ಟಾರ” ಎಂದು ಉಬ್ಬಿ ಹೇಳಿದ. ಇವಳ ಮುಖ ಅರಳಿತು. ಫೋನಿಟ್ಟವಳೇ ಪೇಢೆ ತರಿಸಿ ಓಣಿಗೆಲ್ಲ ಹಂಚಿ, “ಖರೇನ ಹೇಳ್ತೀನಿ, ಮರಳಗಾಡಿನ್ಯಾಗ ನೀರಿನ ಟಾಕಿ ಅಂದ್ರ ಬಂಗಾರದ ತಿಜೂರಿ ಇದ್ದಂಗ. ಅದನ್ನ ಕಾಯಾಕ ನನ್ನ ಮಗನ್ನ ಆರಿಸ್ಯಾರ, ಸಣ್ಣ ಮಾತೇನು?” ಎಂದು ಹೇಳಿಕೊಂಡು ಬಂದಳು. ಅಂದು ಅವಳು ಬೆಳಗಾಗುವವರೆಗೆ ಗೊರಕೆ ಹೊಡೆದು ಮಲಗಿದಳು.

ತಾವೇ ಹೇಳಿ ಸ್ವಾಮೀ, ಆ ಗೊರಕೆಯನ್ನು ಕೇಳಿದ ಯಾವ ಗಂಡನಿಗೆ ಹೆಂಡತಿಯ ಇಂಗ್ಲಿಷನ್ನು ತಿದ್ದುವ ಮನಸ್ಸಾದೀತು? ನಾನು ತಿದ್ದಲಿಲ್ಲ. ಮಗನಿಗೆ ವಿಷಯ ತಿಳಿಸಿದಾಗ ಅವನೂ ತಿದ್ದಲಿಲ್ಲ. ನಮ್ಮ ಓಣಿಗೆ ನೀರು ಬಿಡುವ ಬುಡ್ಡೇಸಾಬರು ಕೀಲಿ ಹಿಡಿದುಕೊಂಡು ಬಂದರೆ ಕಟ್ಟೆಯ ಮೇಲೆ ಕುಳಿತವರು ಎದ್ದು ನಿಲ್ಲುತ್ತಾರೆ. ಅಂಥವರನ್ನೇ ತಡೆದು ಇವಳು, “ನನ್ನ ಮಗಾನೂ ಈಗ ನಿಮ್ಮ ಖಾತೆದಾಂವನ ಆದಾ ನೋಡ್ರಿ” ಎಂದಾಗ ಅವರು ಒಮ್ಮೆ ನನ್ನ ಮುಖ ನೋಡಿದರು, ಎಲ್ಲವನ್ನೂ ತಿಳಿದುಕೊಂಡರು, “ದೊಡ್ಡ ಜವಾಬ್ದಾರಿರಿ ಅಕ್ಕಾರ, ವಾಲ್ ಹುಷಾರಿಂದ ತಿರವಂತ ಹೇಳ್ರಿ” ಎಂದು ಗಂಭೀರವಾಗಿ ಹೇಳಿ ಮುಂದೆ ನಡೆದರು. ಹೀಗೆ ಹಿರಿಯರ ಸಹಕಾರದಿಂದ ನಮ್ಮ ಮನೆಯ ನಿದ್ದೆ ಸುಸೂತ್ರವಾಗಿ ನಡೆದಿತ್ತು.

ಅಷ್ಟರಲ್ಲಿ ತಾವು ಬಂದಿರಿ. ಲಕ್ಷ್ಮೇಶ್ವರದಲ್ಲಿ ಒಂದು ಮದುವೆ ಮುಗಿಸಿಕೊಂಡು ಬಂದು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಇವಳ ಕಣ್ಣಿಗೆ ತಮ್ಮ ಚಿತ್ರದ ಪೋಸ್ಟರು ಬಿತ್ತು. ಯುದ್ಧದ ಚಿತ್ರ ಮಾಡುವವರು ಪೋಸ್ಟರಿನಲ್ಲಿ ಒಂದು ತೋಪನ್ನೋ, ಒಂದಿಷ್ಟು ಬೆಂಕಿಯನ್ನೋ ಹಾಕುವ ಮರ್ಯಾದೆ ಇಟ್ಟುಕೊಂಡಿರುತ್ತಾರೆ. ತಾವು ಹಾಕಿದ್ದು ಒಂದು ದುಂಡನೆಯ ತೂತು, ಅದರೊಳಗಿನಿಂದ ಮೇಲೆ ನೋಡುತ್ತಿರುವ ನಾಲ್ಕು ಮಸಿ ಮೆತ್ತಿದ ಮುಖ, ಕೆಳಗೆ ದೊಡ್ಡ ಅಕ್ಷರದಲ್ಲಿ ಟ್ಯಾಂಕಿನೊಳಗೆ ಎಂಬ ಹೆಸರು. ಕೆಸರು ಬಳಿಯಲು ಟಾಕಿಗೆ ಇಳಿದ ಹುಡುಗರು ಥೇಟ್ ಹಾಗೆಯೇ ಕಾಣುತ್ತಾರೆಂಬುದನ್ನು ತಮಗೆ ಯಾರೂ ಹೇಳಲಿಲ್ಲವೇ? “ಅಯ್ಯ ಶಿವನ! ನಮ್ಮ ನಂದೀಶನ ಡ್ಯೂಟಿ ಮ್ಯಾಲೆ ಸಿನೆಮಾ ತಗದಾರ ನೋಡ್ರಿ!” ಎಂದು ಇವಳು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದಳು.

ಚಿತ್ರ ಚೆನ್ನಾಗಿಲ್ಲವಂತೆ ಎಂದೆ, ಕುರ್ಚಿಯಲ್ಲಿ ತಗಣಿ ಇವೆ ಎಂದೆ, ನನಗೆ ಸೊಂಟ ಹಿಡಿದಿದೆ ಎಂದೆ. ಇವಳು ಪಕ್ಕದ ಮನೆಯ ಶಂಕ್ರೆವ್ವನನ್ನೂ ಎದುರು ಮನೆಯ ಜನ್ನತಬಿಯನ್ನೂ ಹೊರಡಿಸಿ, ದಾರಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು, ಇಳಕಲ್ ಸೀರೆಯುಟ್ಟು ಟಾಕೀಜಿಗೆ ನಡೆದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನ ಹಾಗೆ ನಾನೂ ಹಿಂದೆ ಹೋದೆ.

ಚಿತ್ರದ ಆರಂಭದಲ್ಲಿ ತಾವು ಬಹಳ ಹೊತ್ತು ಕತ್ತಲೆಯನ್ನೂ ನೀರಿನ ತೊಟ್ಟಿಕ್ಕುವ ಸದ್ದನ್ನೂ ಇಟ್ಟಿದ್ದೀರಿ. ಅದಕ್ಕಾಗಿ ತಮಗೆ ಕೃತಜ್ಞ, ಏಕೆಂದರೆ ಅದು ನನ್ನ ಹೆಂಡತಿಯ ಕೊನೆಯ ಸುಖದ ಹೊತ್ತು. “ಇನ್ನೂ ನೀರು ಯಾಕ ಬಿಟ್ಟಿಲ್ಲ?” ಎಂದು ಶಂಕ್ರೆವ್ವ ಕೇಳಿದರೆ, ಇವಳು ಬಲ್ಲವಳ ಗತ್ತಿನಿಂದ, “ಮೊದಲ ತೊಳೀಬೇಕವಾ, ನೀರು ಆಮ್ಯಾಲೆ” ಎಂದು ವಿವರಿಸುತ್ತಿದ್ದಳು. ಆಗ ತಾವು ಮೊದಲನೆಯ ಗುಂಡು ಹಾರಿಸಿದಿರಿ. ಟ್ಯಾಂಕು ನಡುಗಿತು, ಒಬ್ಬ ಹುಡುಗನ ಕಿವಿಯಿಂದ ರಕ್ತ ಇಳಿಯಿತು, ಇವಳ ವಿವರಣೆ ನಿಂತಿತು. ಜನ್ನತಬಿ ಇವಳ ಕೈ ಹಿಡಿದು, “ನಡಿ ಅಕ್ಕಾ, ಮನಿಗೆ ಹೋಗೂನು” ಎಂದು ಎಷ್ಟು ಎಳೆದರೂ ಇವಳು ಏಳಲಿಲ್ಲ. ಭಜಿಯ ಪೊಟ್ಟಣ ತೊಡೆಯ ಮೇಲೆ ಹಾಗೆಯೇ ಆರಿತು.

ಇಲ್ಲಿ ತಮ್ಮ ಸಂಭಾಷಣೆಕಾರರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಟ್ಯಾಂಕು ನಡೆಸುವ ಹುಡುಗನಿಂದ ಅವರು ತಾಯಿಯ ಫೋಟೋದ ಮುಂದೆ “ನಾನು ಹೋಗುತ್ತೇನೆ ಅಮ್ಮಾ” ಎಂದು ಹೇಳಿಸಿದ್ದಾರೆ. ನಮ್ಮಲ್ಲಿ ಅಂಗಡಿಗೆ ಉಪ್ಪು ತರಲು ಹೊರಟವನೂ ‘ಹೋಗಿ ಬರ್ತೀನಿ’ ಎನ್ನುತ್ತಾನೆ, ಬರೀ ‘ಹೋಗ್ತೀನಿ’ ಎಂದವನನ್ನು ಬಾಗಿಲಿನಿಂದ ಹಿಂದಕ್ಕೆ ಕರೆದು, ಕೂಡಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸುತ್ತಾರೆ. ಆ ಹುಡುಗ ಸತ್ತದ್ದಕ್ಕೆ ಶತ್ರುಗಳ ಗುಂಡು ಕಾರಣವೆಂದು ತಾವು ತೋರಿಸಿದರೂ, ಶಂಕ್ರೆವ್ವನ ಅಭಿಪ್ರಾಯದಲ್ಲಿ ಅದಕ್ಕೆ ಪೂರ್ತಿ ಹೊಣೆ ತಮ್ಮ ಸಂಭಾಷಣೆಕಾರರೇ. ಉಳಿದ ಮೂವರ ಗತಿಯನ್ನಂತೂ ತಾವು ಹೇಳಲೇ ಇಲ್ಲ. ಮುಚ್ಚಳದ ಮೇಲೆ ಯಾರೋ ಬಡಿಯುತ್ತಾರೆ, ಬಡಿದವರು ನಮ್ಮವರೋ ಪರರೋ ತಿಳಿಯದು, ಚಿತ್ರ ಮುಗಿಯುತ್ತದೆ. ಇದಕ್ಕೆ ಕಲೆ ಎನ್ನುತ್ತಾರಂತೆ. ಬೆಟಗೇರಿಯಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಎನ್ನುತ್ತಾರೆ.

ನನ್ನ ವಿಷಯವನ್ನೂ ಮುಚ್ಚಿಡುವುದಿಲ್ಲ. ಟ್ಯಾಂಕೆಂದರೇನು ಎಂದು ನನಗೆ ಗೊತ್ತಿತ್ತು ಎಂದು ನಾನು ತಿಳಿದಿದ್ದೆ. ಟೀವಿಯಲ್ಲಿ ಜನವರಿಯ ಪರೇಡಿನಲ್ಲಿ ಅದು ಗುಡುಗುತ್ತ ಬರುವಾಗ ಎದ್ದು ನಿಂತು ಎದೆಯುಬ್ಬಿಸಿದವನು ನಾನು. ಅಷ್ಟು ದಿನವೂ ನಾನು ಅದನ್ನು ಹೊರಗಿನಿಂದಲೇ ನೋಡಿದ್ದೆ. ಅದರೊಳಗೊಂದು ಜಾಗವಿದೆ, ಆ ಜಾಗದಲ್ಲಿ ನನ್ನ ಮಗ ಮೊಣಕಾಲು ಮಡಚಿ ಕುಳಿತಿರುತ್ತಾನೆ ಎಂಬುದನ್ನು ತೋರಿಸಿದವರು ತಾವು. ನನಗೆ ಹೆದರಿಕೆಯಾಯಿತು, ಮಾನ್ಯರೇ. ಈಗಲೂ ಆಗುತ್ತಿದೆ.

ಮರುದಿನ ನಮ್ಮ ಓಣಿಗೆ ನೀರು ಬರುವ ದಿನ. ಅಂಗಳದ ನೆಲದ ಟಾಕಿ ಬರಿದಾಗಿತ್ತು. ಬಳಿದು ತೊಳೆಯುವುದಕ್ಕೆ ಸಾಮಾನ್ಯವಾಗಿ ಆಳನ್ನು ಇಳಿಸುತ್ತೇವೆ. ಅಂದು ನನ್ನ ಹೆಂಡತಿ ತಾನೇ ಸೆರಗು ಕಟ್ಟಿ, ಏಣಿ ಇಟ್ಟು, ಒಳಗಿಳಿದಳು. ತೊಳೆದು ಮುಗಿಸಿದಳು. ಹತ್ತಿ ಬರಲಿಲ್ಲ. ಮೂಲೆಯಲ್ಲಿ ಮೊಣಕಾಲು ಮಡಚಿ ಕುಳಿತು, ತಲೆಯೆತ್ತಿ, “ಮುಚ್ಚಳ ಹಾಕ್ರಿ” ಎಂದಳು. ಹುಚ್ಚೇನು ನಿನಗೆ ಎಂದೆ. “ಹಾಕ್ರಿ ಅಂದ್ನಿ. ಒಳಗ ಹೆಂಗಿರತೈತಿ ನೋಡ್ತೀನಿ.”

ಕಬ್ಬಿಣದ ಮುಚ್ಚಳ ಎಳೆದೆ. ಅರ್ಧ ಬಂತು. ಕೆಳಗೆ ಇವಳ ಮುಖದ ಮೇಲಿನ ಬೆಳಕು ಅರ್ಧವಾಯಿತು. ಮುಂದೆ ಎಳೆಯಲು ನನ್ನ ಕೈ ಬರಲಿಲ್ಲ. ತಂದೆಯ ಕಾಲದಿಂದ ಮುಚ್ಚಳಗಳ ನಡುವೆಯೇ ಬದುಕಿದ ಮನುಷ್ಯ ನಾನು, ಒಂದು ಮುಚ್ಚಳ ಹಾಕಲಾರದೆ ಅಲ್ಲಿಯೇ ನೆಲದ ಮೇಲೆ ಕುಕ್ಕರಿಸಿದೆ. ಒಳಗಿನಿಂದ ಅವಳು ಕೇಳಿದಳು: “ಮಗನ್ನ ಕಳಸಾಕ ಖುಷಿಲೆ ಸಹಿ ಮಾಡಿದ್ರಿ. ಒಂದ ಮುಚ್ಚಳ ಹಾಕಾಕ ಆಗವಲ್ತೇನು?”

ನಾನು ಅತ್ತುಬಿಟ್ಟೆ. ಅವಳು ತಾನೇ ಹತ್ತಿ ಬಂದು, ಕೈ ತೊಳೆದುಕೊಂಡು, “ಏಳ್ರಿ, ನೀರು ಬರೂ ಹೊತ್ತಾತು” ಎಂದು ಪೈಪು ಜೋಡಿಸಲು ಹೋದಳು.

ರವಿವಾರ ಮಗನ ಫೋನು ಬಂತು. ಇನ್ನು ಮನೆಯಲ್ಲಿ ಮಹಾಯುದ್ಧವೇ ಎಂದು ನಾನು ಗೋಡೆಗೆ ಅಂಟಿ ನಿಂತೆ. “ಯವ್ವಾ, ಇಲ್ಲೆ ಟಾಕಿ ತುಂಬ ನೀರು ಅದಾವ, ನಾನು ಆರಾಮ ಅದೀನಿ” ಎಂದು ಅವನು ಎಂದಿನ ಪಾಠ ಒಪ್ಪಿಸಿದ. ಇವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಎಂದಿನ ದನಿಯಲ್ಲಿಯೇ, “ಛಲೋ ಆತು ನನ್ನಪ್ಪ. ಟಾಕಿ ಒಳಗ ಇಳದಾಗ ಮುಚ್ಚಳಾ ಪೂರಾ ಹಾಕ್ಕೋಬ್ಯಾಡ, ಒಂದೀಟು ಸಂದಿ ಬಿಡು, ಗಾಳಿ ಆಡ್ಲಿ” ಎಂದಳು. ಫೋನು ನನ್ನ ಕೈಗಿಟ್ಟು ಒಲೆಯ ಕಡೆ ತಿರುಗಿದಳು. ಮಗ ನನ್ನನ್ನು ಕೇಳಿದ: “ಅಪ್ಪಾ, ಅವ್ವಗ ಏನೂ ಗೊತ್ತಾಗಿಲ್ಲಲ್ಲ?” ಇಲ್ಲಪ್ಪಾ ಎಂದೆ. ಮೊದಲು ಅಪ್ಪ ಮಗ ಕೂಡಿ ಅವಳಿಗಾಗಿ ಹೊತ್ತಿದ್ದ ಸುಳ್ಳನ್ನು ಈಗ ಅವಳೊಬ್ಬಳೇ ಮಗನಿಗಾಗಿ ಹೊತ್ತಿದ್ದಾಳೆ, ಮತ್ತು ನಿದ್ದೆ ಮಾಡುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ ಇಷ್ಟೆ. ಗದಗ ಜಿಲ್ಲೆಗೆ ಕಳಿಸುವ ಪ್ರತಿಯಲ್ಲಾದರೂ ತಮ್ಮ ಟ್ಯಾಂಕಿಗೆ ಎರಡು ಕಿಟಕಿ ಕೊರೆಸಬೇಕು, ಸಾಧ್ಯವಾದರೆ ಒಂದು ಫ್ಯಾನು ಹಾಕಿಸಬೇಕು, ಹುಡುಗರನ್ನು ಆಗಾಗ ಚಹಾಕ್ಕೆ ಹೊರಗೆ ಬಿಡಬೇಕು. ತೋಪಿನ ಕೊಳವೆಯಿಂದ ಗುಂಡಿನ ಬದಲು ನೀರು ಬರುವಂತೆ ಮಾಡಿದರೆ ನಮ್ಮೂರಿನಲ್ಲಿ ಚಿತ್ರ ನೂರು ದಿನ ಓಡುವುದಕ್ಕೆ ನಾನು ಜವಾಬ್ದಾರ. ಇದಾವುದೂ ಆಗದಿದ್ದರೆ, ಕೊನೆಯಲ್ಲಿ ಆ ಮುಚ್ಚಳ ತೆರೆದು, ಬಡಿದವನು ಯಾರೆಂದು ತೋರಿಸಿ, ಉಳಿದ ಮೂವರನ್ನಾದರೂ ಮೇಲೆತ್ತಿ. ಅದನ್ನು ನೋಡಲು ನಾವಿಬ್ಬರೂ ಮತ್ತೊಮ್ಮೆ ಬರುತ್ತೇವೆ. ಟಿಕೇಟು ತೆಗೆಸಿಯೇ ಬರುತ್ತೇವೆ.

ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ಅಂದಾನಪ್ಪ
ಭಾಂಡೆ ಅಂಗಡಿ, ಬೆಟಗೇರಿ

ತಾ.ಕ.: ತಮ್ಮ ಮುಂದಿನ ಚಿತ್ರ ಸಮುದ್ರದ ತಳದಲ್ಲಿ ಸಿಕ್ಕಿಬಿದ್ದ ಸಬ್‌ಮರಿನ್ನಿನ ಕಥೆಯೆಂದು ಪತ್ರಿಕೆಯಲ್ಲಿ ಓದಿ ಅತೀವ ಸಂತೋಷವಾಯಿತು. ಮುಂಡರಗಿಯಲ್ಲಿರುವ ನನ್ನ ಷಡ್ಡಕ ಹೇಮಪ್ಪನ ಮಗ ವಿಶಾಲ ನೌಕಾದಳದಲ್ಲಿದ್ದು, ‘ಸಬ್’ನಲ್ಲಿ ಕೆಲಸವೆಂದು ಮನೆಗೆ ತಿಳಿಸಿದ್ದಾನೆ. ಅವನ ತಾಯಿ ಅದನ್ನು ಸಬ್‌ರಜಿಸ್ಟ್ರಾರ್ ಕಚೇರಿ ಎಂದು ನಂಬಿ ನೆಮ್ಮದಿಯಾಗಿದ್ದಾಳೆ. ಆ ಚಿತ್ರವನ್ನು ಮುಂಡರಗಿಗೆ ಕಳಿಸುವ ಮುನ್ನ ತಾವು ಒಂದು ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಬೇಕು: ಅವಳು ಸುಮಿತ್ರವ್ವನ ಒಡಹುಟ್ಟಿದ ತಂಗಿ, ಮತ್ತು ಅವರ ಹಿತ್ತಿಲಲ್ಲಿರುವುದು ಟಾಕಿಯಲ್ಲ, ತುಂಬಿದ ಬಾವಿ.