ಮಾವ ಕಟ್ಟಿಸಿದ ಬಚ್ಚಲು ಬೀರು

ಕೊಳ್ಳೇಗಾಲದಲ್ಲಿ ನಮ್ಮ ಸೋದರಮಾವನಷ್ಟು ಶುಚಿಯಾದ ಮನುಷ್ಯ ಇನ್ನೊಬ್ಬರಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಬಲ್ಲೆ. ಮಳೆಯಿರಲಿ, ಚಳಿಯಿರಲಿ, ಮೈ ಸುಡುವ ಜ್ವರವೇ ಇರಲಿ, ದಿನಕ್ಕೆರಡು ಸ್ನಾನ ತಪ್ಪಿಸಿದವರಲ್ಲ. ಆದರೆ ಸ್ನಾನವಾದ ಮೇಲೆ ಮೈ ಒರೆಸಿಕೊಳ್ಳಲು ಒಂದು ಟವೆಲ್ ಬೇಕಾಗುತ್ತದೆ ಎಂಬ ಸಂಗತಿ ಮಾತ್ರ ಬಚ್ಚಲಿಗೆ ಹೋಗುವ ಮುಂಚೆ ಅವರಿಗೆ ಒಂದು ದಿನವೂ ಹೊಳೆದದ್ದಿಲ್ಲ!

ಒಗೆದ ಬಟ್ಟೆಯೆಲ್ಲ ಇರುವುದು ನಡುಮನೆಯ ಹಗ್ಗದ ಮೇಲೆ. ಕೊನೆಯ ಚೊಂಬು ನೀರು ಸುರಿದುಕೊಂಡ ಮೇಲೆ ಒಳಗಿನಿಂದ ಕೂಗು ಏಳುತ್ತಿತ್ತು: "ಲೇ, ಟವಲ್ ತತ್ತಾ!" ಎದುರು ಮನೆಯವರು ಆ ಕೂಗು ಕೇಳಿ ಹಾಲು ಕಾಯಿಸಲಿಡುತ್ತಿದ್ದರು ಎನ್ನುತ್ತಾರೆ. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದರು. ಮದುವೆಯಾದಾಗಿನಿಂದ ಹೀಗೇ ಓಡಿದವರು, ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಬಚ್ಚಲ ಬಾಗಿಲ ಕಲ್ಲಿನ ಮೇಲೆ ಜಾರಿಬಿದ್ದು ಕಾಲಿನ ಗಂಟು ಮುರಿದುಕೊಂಡರು.

ಹೊನ್ನೂರಿನಲ್ಲಿರುವ ಅತ್ತೆಯ ತಂಗಿ ಬಂದು, ಬ್ಯಾಂಡೇಜು ಸುತ್ತಿದ ಕಾಲಿನ ಸಮೇತ ಅಕ್ಕನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಬ್ಯಾಂಡೇಜು ಬಿಚ್ಚಿದ ಮೇಲೂ ಅತ್ತೆ ವಾಪಸು ಬರಲಿಲ್ಲ. ಇನ್ನೊಂದು ಸಲ ಬಿದ್ದರೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಪಕ್ಕದ ಬೀದಿಯಲ್ಲೇ ಇರುವ ನಾನು ಕರೆಯಲು ಹೋದಾಗ ಅತ್ತೆ ಖಡಾಖಂಡಿತವಾಗಿ ಹೇಳಿದರು: "ಮೀಯೋ ಜಾಗದಲ್ಲೇ ಮೈ ಒರೆಸ್ಕಂಡು, ಅಲ್ಲೇ ಸೀರೆ ಉಟ್ಕಂಡು, ಒಣಗಿದ ಕಾಲಲ್ಲಿ ಈಚೆಗೆ ಬರಂಗಿದ್ರೆ ಬತ್ತೀನಿ ಕಣವ್ವ. ಇಲ್ದಿದ್ರೆ ನಿಮ್ಮಾವನ ಟವಲ್ಲು ನಿಮ್ಮಾವನಿಗೇ ಇರ್ಲಿ." ಮಾತು ಗಡುಸಾಗಿತ್ತು. ಆದರೆ ಅದನ್ನು ಹೇಳುವಾಗ ಅವರ ಕೈ ಆ ಕಾಲನ್ನೇ ಸವರುತ್ತಿತ್ತು. ಅವರಿಗೆ ಕೋಪಕ್ಕಿಂತ ಭಯವೇ ಹೆಚ್ಚಾಗಿದೆ ಎಂದು ನನಗೆ ತಿಳಿಯಿತು.

ಮಾವನಿಗೆ ಇದನ್ನು ಹೇಳಿ, "ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಸ್ಟ್ಯಾಂಡ್ ತಂದು ಬಚ್ಚಲಲ್ಲಿಟ್ಟರೆ ಮುಗಿಯಿತಲ್ಲ ಮಾವ" ಎಂದೆ.

"ಸ್ಟ್ಯಾಂಡು ಜಾರಾಕಿಲ್ವಾ? ಅವಳೇ ಜಾರಿದ್ಮೇಲೆ ಅದ್ಯಾವ ಲೆಕ್ಕ!" ಎಂದರು ಮಾವ. "ಗೋಡೆ ಜಾರೋದ್ನ ನೋಡಿದ್ದೀಯಾ ನೀನು? ಗೋಡೆ ಒಳಗೇ ಬೀರು ಕಟ್ಟುಸ್ತೀನಿ."

ಹಳೇ ಕಾಲದ ಮಣ್ಣಿನ ಗೋಡೆ, ಆನೆ ಒರಗಿದರೂ ಅಲ್ಲಾಡದಷ್ಟು ದಪ್ಪ. ಅದರಲ್ಲಿ ಗೂಡು ಕೊರೆಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಳತೆ. ಮಾವ ಟೇಪು ಮುಟ್ಟುವವರಲ್ಲ. "ಟೇಪು ಕಳ್ದೋಯ್ತದೆ, ಕೈ ಕಳ್ದೋಯ್ತದಾ?" ಎನ್ನುವುದು ಅವರ ವಾದ. ಗೂಡನ್ನು ತಮ್ಮ ಮೊಳದಲ್ಲೇ ಅಳೆದು ಕೊರೆಸಿದರು. ಆಮೇಲೆ ಯಳಂದೂರಿನ ಬಡಗಿಗೆ ಫೋನು ಮಾಡಿ, ಅಗಲ ಎರಡು ಮೊಳ, ಎತ್ತರ ಮೂರು ಮೊಳದ ಹಲಸಿನ ಮರದ ಪೆಟ್ಟಿಗೆ ಬೇಕು ಎಂದರು. ಆ ಮಹಾನುಭಾವರಾದರೂ ಯಾರ ಮೊಳ ಎಂದು ಕೇಳಬಾರದೇ? ಅವರಿಗೂ ಟೇಪಿನ ಮೇಲೆ ನಂಬಿಕೆಯಿಲ್ಲ!

ಪೆಟ್ಟಿಗೆ ಬಡಗಿಯ ಜೊತೆ ಆಟೋದಲ್ಲಿ ಬಂತು. ಗೂಡಿಗಿಟ್ಟರೆ ಸುತ್ತ ನಾಲ್ಕು ನಾಲ್ಕು ಬೆರಳು ಸಂದು! ನಮ್ಮ ಮಾವ ಬಾಗಿಲಿಗೆ ತಲೆ ಬಗ್ಗಿಸಿ ಬರುವ ಆಳು, ಬಡಗಿ ಅವರ ಎದೆಮಟ್ಟಕ್ಕೆ ಬರುವವರು. ಇಬ್ಬರೂ ಬಚ್ಚಲಲ್ಲಿ ನಿಂತು ಮೊಣಕೈಗೆ ಮೊಣಕೈ ಜೋಡಿಸಿ ಬೆರಳ ತುದಿ ನೋಡಿಕೊಂಡರು.

"ನಿಮ್ ಕೈಯೇ ಉದ್ದ ಸಾ, ನಾನೇನ್ ಮಾಡ್ಲಿ?" ಎಂದರು ಬಡಗಿ.

"ನನ್ ಕೈ ಉದ್ದಾನೇ? ನಿನ್ ಕೈ ಮೋಟು ಕಣಯ್ಯಾ!"

"ನನ್ ಕೈಯಲ್ಲಿ ಅಳ್ದು ಊರೆಲ್ಲಾ ಬಾಗ್ಲು ಇಟ್ಟಿವ್ನಿ ಸಾ. ಯಾರೂ ಏನೂ ಅಂದಿಲ್ಲ."

"ಅವ್ರ ಬಾಗ್ಲಲ್ಲಿ ನಾನು ನುಗ್ಗಿಲ್ವಲ್ಲ, ಅದ್ಕೇ!"

ಕೊನೆಗೆ ಸಂದಿಗೆಲ್ಲ ಇಟ್ಟಿಗೆ ಚೂರು, ಸಿಮೆಂಟು ತುಂಬಿ ರಾಜಿಯಾಯಿತು. ಖರ್ಚಾದದ್ದು ಗೂಡು ಕೊರೆದದ್ದಕ್ಕಿಂತ ಅದನ್ನು ಮುಚ್ಚಿದ್ದಕ್ಕೇ ಜಾಸ್ತಿ.

ಇನ್ನು ಬೀರುವಿಗೆ ಬಾಗಿಲು ಬೇಕಲ್ಲ? ಹನೂರಿನಲ್ಲಿ ಯಾರೋ ಹಳೇ ಮನೆ ಕೆಡವುತ್ತಿದ್ದಾರೆ, ಒಳ್ಳೆಯ ತೇಗ ಸಿಗುತ್ತದೆ ಎಂದು ಕೇಳಿ ಮಾವ ಹೊರಟರು. ತಂದದ್ದು ಬಾಗಿಲಲ್ಲ, ಕಿಟಕಿ. ಅದೂ ಕಬ್ಬಿಣದ ಸರಳಿನ ಕಿಟಕಿ! ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕುಳಿತಿದ್ದರಂತೆ. ಕಂಡಕ್ಟರು ಸರಳಿನ ಆಚೆಯಿಂದ, "ಸಾ, ಇದ್ಕೂ ಟಿಕೆಟ್ ತಕಳಿ" ಎಂದರಂತೆ. ಮಾವ ಸರಳಿನ ಈಚೆಯಿಂದ, "ನಿನ್ನ ಬಸ್ಸಿಗೆ ಎಷ್ಟು ಕಿಟ್ಕಿ ಕಮ್ಮಿ ಅವೆ ನೋಡ್ಕಂಡು ಮಾತಾಡಪ್ಪಾ" ಎಂದರಂತೆ. ಇದನ್ನು ನನಗೆ ಹೇಳಿದ್ದು ಮಾವನೇ, ಆದ್ದರಿಂದ ಕೊನೆಗೆ ಟಿಕೆಟ್ ಕೊಂಡರೋ ಇಲ್ಲವೋ ಗೊತ್ತಿಲ್ಲ.

ಕೀಲು ಹಾಕಿದ ಮೇಲೆ ಕಿಟಕಿ ಬೀರುವಿಗೆ ಬಾಗಿಲಾಗಿ ಕೂತಿತು. ಒಳಗೆ ಮಡಿಸಿಟ್ಟ ಟವೆಲ್‌ಗಳು ಏನೋ ತಪ್ಪು ಮಾಡಿ ಜೈಲಿಗೆ ಬಿದ್ದಂತೆ ಸರಳಿನ ಹಿಂದಿನಿಂದ ನಮ್ಮನ್ನು ನೋಡುತ್ತಿದ್ದವು. "ಗಾಳಿ ಆಡ್ಬೇಕು ಕಣವ್ವ" ಎಂದರು ಮಾವ. ಗಾಳಿಯೇನೋ ಆಡಿತು, ಜೊತೆಗೆ ಹಂಡೆಯ ಹಬೆಯೂ ಆಡಿತು. ಅತ್ತೆಯ ಸೀರೆ ಅಲ್ಲಿ ಒಣಗಿರುತ್ತದೆಯೋ, ತಣ್ಣಗೆ ಮೈಗಂಟುತ್ತದೆಯೋ? ಬಟ್ಟೆ ಮುಟ್ಟಿ ನೋಡಿದರೆ ತಿಳಿಯುತ್ತದೆ ಎಂದು ನೀವೂ ನಾನೂ ಅಂದುಕೊಳ್ಳುತ್ತೇವೆ. ಮಾವ ಹಾಗಲ್ಲ. ಅವರಿಗೆ ಖಚಿತವಾದ ಪುರಾವೆ ಬೇಕು. ಅವರು ಒಲೆಯ ಕೆಂಡದಲ್ಲಿ ಒಂದು ಹಪ್ಪಳ ಸುಟ್ಟು, ಟವೆಲ್‌ಗಳ ಮಧ್ಯೆ ಇಟ್ಟು ಸ್ನಾನಕ್ಕೆ ನಿಂತರು!

ಸ್ನಾನ ಮುಗಿಸಿ ಬಂದು ಅದನ್ನು ನನ್ನ ಕಿವಿಯ ಹತ್ತಿರ ಮುರಿದರು. ಸದ್ದೇ ಇಲ್ಲ. ಹಪ್ಪಳ ಒದ್ದೆ ಕಾಗದದಂತೆ ಬಾಗಿತು. ಮಾವನ ಮುಖವೂ ಬಾಗಿತು.

ಅಲ್ಲಿಂದ ಶುರುವಾಯಿತು ನೋಡಿ. ಸರಳಿನ ಹಿಂದೆ ಹಲಗೆ ಹೊಡೆಸಿದರು, ಹಪ್ಪಳ ಇಟ್ಟರು. ಅಂಚಿಗೆ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದರು, ಹಪ್ಪಳ ಇಟ್ಟರು. ಹಂಡೆಯ ಕಡೆಯ ಸಂದಿಗೆ ಮತ್ತೆ ಸಿಮೆಂಟು ಬಳಿದರು, ಮತ್ತೆ ಹಪ್ಪಳ. ಮೆತ್ತಗಾದ ಹಪ್ಪಳವನ್ನೆಲ್ಲ ತಿಂದು ಪರೀಕ್ಷೆಗೆ ಸಹಕರಿಸಿದ್ದು ನಾನು. ಸೋಪಿನ ವಾಸನೆಯ ಹಪ್ಪಳ ನೀವು ತಿಂದಿದ್ದೀರಾ? ತಿನ್ನಬೇಡಿ. ಅತ್ತೆ ಬೇಸಿಗೆಯಲ್ಲಿ ಮಾಡಿ ಡಬ್ಬಕ್ಕೆ ತುಂಬಿಟ್ಟು ಹೋಗಿದ್ದ ಹಪ್ಪಳ ತಳ ಕಾಣುತ್ತಾ ಬಂತು. ಈ ಪರೀಕ್ಷೆಯ ಸುದ್ದಿಯನ್ನೆಲ್ಲ ನಾನು ಅತ್ತೆಗೆ ಫೋನಿನಲ್ಲಿ ಮುಟ್ಟಿಸುತ್ತಿದ್ದೆ. ಮಾವ ದಿನೇ ದಿನೇ ಮಾತು ಕಡಿಮೆ ಮಾಡಿದರು. ನಡುಮನೆಯಲ್ಲಿ ಒಬ್ಬರೇ ಕೂತು ಊಟ ಮಾಡುತ್ತಿದ್ದರು. "ಇದೂ ಆಗ್ದಿದ್ರೆ ಅವಳು ಬರಾಕಿಲ್ಲ ಕಣವ್ವ" ಎಂದು ಒಂದು ದಿನ ಅಂಚಿಗೆ ಎರಡನೇ ಸುತ್ತು ಟ್ಯೂಬು ಅಂಟಿಸುತ್ತಾ ಹೇಳಿದಾಗ ನನಗೆ ತಮಾಷೆ ಮಾಡಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿದ ಮಾವ ಒದ್ದೆ ತಲೆಯಲ್ಲೇ ಹೊನ್ನೂರಿಗೆ ಫೋನು ಹಚ್ಚಿದರು. ಹಲೋ ಇಲ್ಲ, ಕ್ಷೇಮ ಸಮಾಚಾರ ಇಲ್ಲ. ಫೋನಿನ ಹತ್ತಿರ ಹಪ್ಪಳ ಹಿಡಿದು ಪಟ್ಟನೆ ಮುರಿದರು.

"ಕೇಳಿಸ್ತಾ?"

ಆ ಕಡೆಯಿಂದ ಅತ್ತೆಯ ದನಿ: "ಕೇಳಿಸ್ತು. ಡಬ್ಬದಲ್ಲಿ ಇನ್ನೂ ಏನಾದ್ರೂ ಉಳ್ಸಿದ್ದೀರಾ?"

"ಎರಡವೆ."

"ಅವನ್ನ ಮುಟ್ಬ್ಯಾಡಿ. ನಾಳೆ ಬತ್ತೀನಿ."

ಅತ್ತೆ ಬಂದರು. ಬೀರುವನ್ನು ನೋಡಿ, "ಸೀರೆಗ್ಯಾಕ್ರೀ ಜೈಲು?" ಎಂದರು. ನಕ್ಕರು ಕೂಡ. ಆದರೆ ಸ್ನಾನಕ್ಕೆ ನೀರು ಕಾದಾಗ ಬಾಗಿಲ ಕಲ್ಲಿನ ಹತ್ತಿರ ಬಂದು ನಿಂತುಬಿಟ್ಟರು. ನಾನು ಕೈ ಹಿಡಿಯಲು ಹೋದರೆ ಬೇಡವೆಂದು ತಲೆಯಾಡಿಸಿ, ಗೋಡೆ ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಮಾವ ಬಾಗಿಲ ಹೊರಗೆ ಕಂಬದ ಹಾಗೆ ನಿಂತರು. ನೀರು ಸುರಿಯುವ ಸದ್ದು ಬಂತು, ನಿಂತಿತು. ಬೀರುವಿನ ಬಾಗಿಲು ಕಿರುಗುಟ್ಟಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

"ಇಲ್ಲೇ ಇವ್ನಿ" ಎಂದರು ಮಾವ, ಸಣ್ಣ ದನಿಯಲ್ಲಿ.

"ಗೊತ್ತು ಬುಡಿ. ಉಸ್ರು ಇಲ್ಲಿಗೂ ಕೇಳಿಸ್ತದೆ."

ಚಿಲಕ ಸರಿಯಿತು. ಅತ್ತೆ ಗರಿಗರಿಯಾದ ಹತ್ತಿ ಸೀರೆಯುಟ್ಟು, ನೆರಿಗೆ ಕೂಡ ಸರಿಮಾಡಿಕೊಂಡು ಬಂದರು. ಮಾವ ಸೀರೆಯನ್ನೂ ನೋಡಲಿಲ್ಲ, ಬೀರುವನ್ನೂ ನೋಡಲಿಲ್ಲ. ಅವರ ಕಣ್ಣು ಅತ್ತೆಯ ಪಾದದ ಮೇಲಿತ್ತು. ಹಿಮ್ಮಡಿಯ ಹತ್ತಿರ ಇನ್ನೂ ಒಂದಿಷ್ಟು ನೀರಿತ್ತು. ತಮ್ಮ ಚೊಂಬನ್ನೂ ತಾವು ಬಗ್ಗಿ ಎತ್ತಿಕೊಳ್ಳದ ಆ ಎತ್ತರದ ಮನುಷ್ಯ ಬಾಗಿಲ ಕಲ್ಲಿನ ಮೇಲೆ ಮೊಣಕಾಲೂರಿ ಕೂತು, ಹೆಗಲ ಮೇಲಿನ ಟವೆಲ್ ತೆಗೆದು, ಮುರಿದು ಕೂಡಿದ ಆ ಕಾಲನ್ನು ಮೆಲ್ಲಗೆ ಒರೆಸತೊಡಗಿದರು.

"ಅಯ್ಯೋ, ಬುಡಿ! ಉಡ್ಗಿ ನೋಡ್ತಾವ್ಳೆ" ಎಂದು ಅತ್ತೆ ನಾಚಿ ಹಿಂದೆ ಸರಿದರು.

ನಾನು ಮುಖ ಆ ಕಡೆ ತಿರುಗಿಸಿದೆ. ಆದರೂ ಮಾವನ ಮಾತು ಕೇಳಿಸಿತು.

"ನೋಡ್ಲಿ ಬುಡು. ನನ್ ತಲೆ ಇಡ್ಕೊ. ಇನ್ನೊಂದ್ ಕಾಲು ಎತ್ತು."