ಮೋಸೆಲ್ ನದಿಯ ದಂಡೆಯಲ್ಲಿ ಮೂವತ್ತು ಕಿಲೋ

ನಡೆಯುವುದರಲ್ಲಿ ತಪ್ಪು ಮಾಡಲು ಏನಿದೆ? ಒಂದು ಕಾಲು ಮುಂದಿಟ್ಟರೆ ಇನ್ನೊಂದು ತಾನಾಗಿಯೇ ಹಿಂದೆ ಬರುತ್ತದೆ. ಹೀಗೆ ನಂಬಿಕೊಂಡು, ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು, ಕೋಬ್ಲೆನ್ಸ್ ಎಂಬ ಊರಿನಿಂದ ಟ್ರಿಯರ್ ಎಂಬ ಊರಿಗೆ ಸಾಧ್ಯವಾದಷ್ಟು ನಡೆದೇ ಹೋಗುವ ಯೋಜನೆಗೆ ನಾನು ಸಮ್ಮತಿಸಿದೆ.

ಯೋಜನೆ ನನ್ನ ಹೆಂಡತಿ ಸುಮತಿಯದು. ಅಬುಧಾಬಿಗೆ ಬಂದ ಮೇಲೆ ನಮ್ಮ ರಜೆಗಳೆಲ್ಲ ಉಡುಪಿ ಕಡೆಯ ಮದುವೆ ಉಣ್ಣುವುದರಲ್ಲಿ ಮತ್ತು ಇಲ್ಲಿಯವರು ಕೊಟ್ಟ ಪಾರ್ಸೆಲ್‌ಗಳನ್ನು ಅಲ್ಲಿ ಮನೆ ಮನೆಗೆ ಮುಟ್ಟಿಸುವುದರಲ್ಲಿ ಕಳೆದಿದ್ದವು. ಗಲ್ಫ್‌ನಲ್ಲಿ ವಿಮಾನ ಹತ್ತುವವನ ಚೀಲ ಅವನದಲ್ಲ. ಅದು ಸಾರ್ವಜನಿಕ ಆಸ್ತಿ.

"ಈ ಸಲ ಊರಿಲ್ಲ ಮಾರಾಯ್ರೆ," ಎಂದಳು ಸುಮತಿ. "ಯಾರ ಮನೆಗೂ ಹೋಗ್ಲಿಕ್ಕಿಲ್ಲ, ಯಾರ ಸಾಮಾನೂ ಹೊರ್ಲಿಕ್ಕಿಲ್ಲ. ನಾವಿಬ್ಬರೇ. ನದಿ, ಕೋಟೆ, ಹಳೇ ಊರು ನೋಡ್ತಾ ನಡೆಯುವುದು. ಆಯ್ತಾ?"

"ಆಯ್ತು," ಎಂದೆ. ಅವಳ ಮುಖ ಅರಳಿದ್ದು ನೋಡಿ ಇನ್ನೊಮ್ಮೆಯೂ ಎಂದೆ.

ನನಗೆ ಚಿಂತೆ ಮಾಡುವುದು ಹವ್ಯಾಸವಲ್ಲ, ಉದ್ಯೋಗ. ಬಿಡುವಿನ ವೇಳೆಯಲ್ಲಿ ಕಚೇರಿಗೆ ಹೋಗುತ್ತೇನೆ. ಹಾಗಾಗಿ ಪೂರ್ವತಯಾರಿ ಅನಿವಾರ್ಯವಾಯಿತು. ಹೊರಗೆ ಆಗಸ್ಟ್ ತಿಂಗಳ ಬಿಸಿಲು. ನಡಿಗೆಯ ಅಭ್ಯಾಸವನ್ನು ಮಾಲ್‌ನ ಏಸಿಯಲ್ಲಿ ಕೈಗೊಂಡೆ. ಹೊಸ ಚೀಲ ಬೆನ್ನಿಗೆ ಒಗ್ಗಬೇಕು, ಬೆನ್ನಿಗೆ ನೋವೂ ಆಗಬಾರದು. ಬಹಳ ಯೋಚಿಸಿ ಚೀಲದೊಳಗೆ ತಲೆದಿಂಬುಗಳನ್ನು ತುಂಬಿದೆ.

ಮೂರನೆಯ ಸುತ್ತಿನಲ್ಲಿ ಸೆಕ್ಯುರಿಟಿಯವನು ತಡೆದ. "ಸಾಬ್, ಇಸ್ ಮೆ ಕ್ಯಾ ಹೈ?"

"ತಕಿಯಾ," ಎಂದೆ ಗಾಂಭೀರ್ಯದಿಂದ.

ಅವನು ನಂಬಲಿಲ್ಲ. ಜಿಪ್ ಎಳೆದ. ಅತ್ತರಿನ ಅಂಗಡಿಯ ಮುಂದೆ, ಜನಸಮೂಹದ ಸಮಕ್ಷಮದಲ್ಲಿ, ನಮ್ಮ ಮಲಗುವ ಕೋಣೆಯ ದಿಂಬುಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಅವನ ದನಿ ಮೆತ್ತಗಾಯಿತು.

"ಸಾಬ್, ಘರ್ ಮೆ ಸಬ್ ಠೀಕ್ ಹೈ ನಾ?"

ಈ ದೃಶ್ಯವನ್ನು ನೋಡಿದವರಲ್ಲಿ ನಮ್ಮ ಕೆಳಗಿನ ಮಹಡಿಯ ಸಿಸಿಲಿಯಾ ಬಾಯಿಯೂ ಒಬ್ಬರು. ಆಸ್ಪತ್ರೆಯಲ್ಲಿ ಕೆಲಸ, ಊರು ಮಂಗಳೂರು, ಹೃದಯ ದೊಡ್ಡದು. ಆ ಸಂಜೆಯೇ, ಸುಮತಿ ತರಕಾರಿಗೆಂದು ಹೊರಗೆ ಹೋಗಿದ್ದಾಗ, ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು ಬಾಗಿಲು ತಟ್ಟಿದರು.

"ಶೆಟ್ರೇ, ಕೆಲಸ ಹೋಯ್ತಾ?"

"ಇಲ್ಲ ಬಾಯಿ!"

"ನನ್ನತ್ರ ನಾಚಿಕೆ ಎಂತದು? ವೀಸಾ ಕ್ಯಾನ್ಸಲ್ ಆದವರು ಮಾಲ್‌ನಲ್ಲಿ ಸುತ್ತುವುದು ನಾನು ನೋಡಿದ್ದೇನೆ. ನನ್ನ ಭಾವನಿಗೂ ಬೆಳಿಗ್ಗೆ ಕರೆದು ಖಲಾಸ್ ಅಂದಿದ್ರು. ಹಾಸಿಗೆ ಬಟ್ಟೆ ಎಲ್ಲ ಕಟ್ಟಿ ಆಯ್ತಲ್ಲ ನಿಮ್ಮದು, ಪಾಪ!"

ನಾಳೆ ಇದು ನಮ್ಮ ಖಾಲಿದಿಯಾ ಬಡಾವಣೆಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಬೀಳುತ್ತದೆ. ಕೆಲಸ ಭದ್ರವಾಗಿದೆಯೆಂದು ಸಾಬೀತುಪಡಿಸುವ ಆತುರದಲ್ಲಿ, ನಾವು ರಜೆಗೆ ಜರ್ಮನಿಗೆ ಹೋಗುತ್ತಿದ್ದೇವೆ ಎಂದುಬಿಟ್ಟೆ. ಟ್ರಿಯರ್‌ವರೆಗೆ, ಎಂದೂ ಸೇರಿಸಿಬಿಟ್ಟೆ!

ಬಾಯಿಯ ಮುಖದಿಂದ ಸಾವಿನ ಮನೆ ಮಾಯವಾಯಿತು. "ಟ್ರಿಯರಾ! ನನ್ನ ತಂಗಿಯ ಮಗಳು ಪ್ರಿಸಿಲ್ಲಾ ಅಲ್ಲೇ ನರ್ಸ್ ಅಲ್ವಾ! ಬ್ರೆಡ್ ತಿಂದು ತಿಂದು ಕಡ್ಡಿಯಾಗಿದ್ದಾಳೆ. ಒಂದು ಸಣ್ಣ ಪೊಟ್ಟಣ, ಶೆಟ್ರೇ. ನಿಮಗೆ ಭಾರವೇ ಗೊತ್ತಾಗ್ಲಿಕ್ಕಿಲ್ಲ."

ಸಣ್ಣ ಪೊಟ್ಟಣವನ್ನು ಲಿಫ್ಟಿನಿಂದ ಈಚೆಗೆ ಎಳೆಯಲು ಬಾಯಿ ಮತ್ತು ನಾನು ಇಬ್ಬರೂ ಬೇಕಾದೆವು. ಕೆಂಪು ಕುಚ್ಚಲಕ್ಕಿ, ಬಫಾತ್ ಮಸಾಲೆಯ ಪುಡಿ, ಉಪ್ಪಿನಕಾಯಿ, ಅಲ್ ಮೀನಾ ಬಂದರಿನ ಮಾರುಕಟ್ಟೆಯಿಂದ ತಂದ ಒಣ ಮೀನು. ಬೇಡ ಎನ್ನಲು ಬಾಯಿ ತೆರೆದೆ. "ಸರಿ" ಎಂಬುದು ಹೊರಬಂತು.

ಗಲ್ಫ್‌ನವನ ರಕ್ತ ಕೆಲಸ ಮಾಡಿದ್ದು ಆಮೇಲೆ. ಟಿಕೆಟಿನಲ್ಲಿ ಮೂವತ್ತು ಕಿಲೋಗೆ ಅನುಮತಿ ಉಂಟು. ಬಾಯಿಯ ಪೊಟ್ಟಣ ಸುಮತಿಗೆ ಕಾಣದಂತೆ ಅಡಿಯಲ್ಲಿ ಹುದುಗಿಸಿ, ನಮ್ಮ ಬಟ್ಟೆ ಮೇಲೆ ಹಾಕಿ ತೂಗಿದರೆ ಇನ್ನೂ ಜಾಗವಿದೆ! ಖಾಲಿ ಕಿಲೋಗಳನ್ನು ಬಿಟ್ಟು ವಿಮಾನ ಹತ್ತಲು ನಮ್ಮವರಲ್ಲಿ ಯಾರಿಗೆ ಮನಸ್ಸು ಬಂದೀತು? ಸಣ್ಣ ಕುಕ್ಕರ್, ಎರಡು ಕೊಡೆ, ಗಂಜಿಗೆ ತಟ್ಟೆ, ಒಂದು ಔಷಧಾಲಯ, ಎಲ್ಲವನ್ನೂ ಸೇರಿಸಿದೆ. ಮುಳ್ಳು ಮೂವತ್ತಕ್ಕೆ ಬಂದು ನಿಂತಾಗ ಜನ್ಮ ಸಾರ್ಥಕವೆನಿಸಿತು. ಆ ಮೂವತ್ತನ್ನು ವಿಮಾನದ ಹೊಟ್ಟೆಗೆ ಹೇಳಿದ್ದು, ನನ್ನ ಬೆನ್ನಿಗಲ್ಲ ಎಂಬ ಸಣ್ಣ ವಿಷಯ ಮಾತ್ರ ಹೊಳೆಯಲಿಲ್ಲ.

ಕೋಬ್ಲೆನ್ಸ್ ತಲುಪುವವರೆಗೆ ಟ್ರಾಲಿ, ಟ್ಯಾಕ್ಸಿಗಳು ನನ್ನ ಮಾನ ಕಾಪಾಡಿದವು. ಮರುದಿನ ಬೆಳಿಗ್ಗೆ, ಎರಡು ನದಿಗಳು ಸೇರುವ ಆ ಸುಂದರ ಜಾಗದಲ್ಲಿ, ಒಂದು ಬೆಂಚಿನ ಮೇಲೆ ಕೂತು ಚೀಲದ ಪಟ್ಟಿಗಳಿಗೆ ತೋಳು ತೂರಿಸಿದೆ. ಎದ್ದೆ. ಅಂದರೆ, ಏಳುವ ನಿರ್ಧಾರ ಮಾಡಿದೆ. ದೇಹ ಅದನ್ನು ಅಂಗೀಕರಿಸಲಿಲ್ಲ. ಎರಡನೆಯ ಸಲ ಜೋರಾಗಿ ಎದ್ದೆ. ಚೀಲ ಅಷ್ಟೇ ಜೋರಾಗಿ ಹಿಂದಕ್ಕೆ ಎಳೆಯಿತು. ಕಣ್ಣು ಬಿಟ್ಟಾಗ ಬೆಂಚಿನ ಪಕ್ಕದ ಹುಲ್ಲಿನ ಮೇಲೆ, ಮಗುಚಿ ಹಾಕಿದ ಆಮೆಯಂತೆ, ಕೈಕಾಲು ಆಕಾಶಕ್ಕೆ ಮಾಡಿ ಬಿದ್ದಿದ್ದೆ.

"ಯೋಗವಾ?" ಎಂದಳು ಸುಮತಿ.

ನಮ್ಮಂತೆಯೇ ಟ್ರಿಯರ್ ಕಡೆಗೆ ನಡೆದು ಹೊರಟಿದ್ದ ಒಬ್ಬರು ಜರ್ಮನ್ ಅಜ್ಜ, ಅಜ್ಜಿ ಓಡಿಬಂದರು. ನನ್ನಪ್ಪನ ವಯಸ್ಸಿನವರು, ಬೆನ್ನಿಗೆ ಶಾಲೆಗೆ ಹೋಗುವ ಮಕ್ಕಳದಷ್ಟೇ ಸಣ್ಣ ಚೀಲ. ನನ್ನನ್ನು ಪಟ್ಟಿಯಿಂದ ಬಿಡಿಸಿ ನಿಲ್ಲಿಸಿದರು. ಅಜ್ಜಿ ನನ್ನ ಚೀಲ ಎತ್ತಲು ಬಗ್ಗಿದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಬಿದ್ದ ರಭಸಕ್ಕೆ ಪೊಟ್ಟಣವೂ ಬಿಚ್ಚಿತ್ತು.

"ಎಂತ ವಾಸನೆ?" ಎಂದಳು ಸುಮತಿ.

"ನದಿಯದ್ದಿರಬೇಕು."

"ಇಲ್ಲಿಯ ನದಿಯಲ್ಲಿ ಮೀನು ಒಣಗಿಸಿ ಬಿಡ್ತಾರಾ?"

ಅವಳೇ ಚೀಲ ಬಿಚ್ಚಿದಳು. ಕುಚ್ಚಲಕ್ಕಿ ಬಂತು, ಬಫಾತ್ ಬಂತು, ಮೀನು ಬಂತು. ನಾನು ಕೊಟ್ಟ ಮಾತು ಮಾತ್ರ ಎಲ್ಲೂ ಸಿಗಲಿಲ್ಲ. ಸಿಸಿಲಿಯಾ ಬಾಯಿ ಕೊಟ್ಟದ್ದೆಂದು ಒಪ್ಪಿಕೊಂಡು, ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ಅದು ಇನ್ನೂ ಕೆಟ್ಟ ಲಕ್ಷಣ.

"ಬಾಯಿ ಅಷ್ಟು ಪ್ರೀತಿಯಿಂದ ಕೊಟ್ಟದ್ದು, ಎಸೀಲಿಕ್ಕೆ ಆಗುವುದಿಲ್ಲ. ನೀವು ಇದನ್ನು ರೈಲಿನಲ್ಲಿ ತನ್ನಿ. ನಾನು ಇವರೊಟ್ಟಿಗೆ ನಡೆದು ಬರ್ತೇನೆ. ದಿನಾ ಸಂಜೆ ಮುಂದಿನ ಊರಿನಲ್ಲಿ ಸಿಗುವ."

"ಭಾಷೆ? ನಿನಗೆ ಜರ್ಮನ್ ಬರುವುದಿಲ್ಲ!"

"ನಿಮ್ಮೊಟ್ಟಿಗೆ ಕನ್ನಡದಲ್ಲೇ ಹೇಳಿದ್ದೆ. ಎಂತ ಪ್ರಯೋಜನ ಆಯ್ತು?"

ಹೀಗೆ ನಮ್ಮ ಪಾದಯಾತ್ರೆ ಎರಡು ಶಾಖೆಯಾಯಿತು. ಸುಮತಿ ದ್ರಾಕ್ಷಿ ತೋಟಗಳ ನಡುವೆ ನಡೆದಳು. ನಾನು ಒಣ ಮೀನಿನ ಅಂಗರಕ್ಷಕನಾಗಿ ರೈಲು ಹತ್ತಿ ಇಳಿದೆ. ಕೋಖೆಮ್ ಊರಿನ ಬೆಟ್ಟದ ಮೇಲೆ ಭಾರೀ ಕೋಟೆಯಿದೆಯಂತೆ. ಚೀಲವನ್ನು ನಿಲ್ದಾಣದ ಲಾಕರಿನಲ್ಲಿಟ್ಟು ಹೋಗಿ ನೋಡಬಹುದಿತ್ತು. ಆದರೆ ವಾಸನೆ ಬಂದು ಪೊಲೀಸರು ಲಾಕರ್ ಒಡೆದರೆ? ನಾಯಿ ತಂದರೆ? ಕಂಪೆನಿಗೆ ಸುದ್ದಿ ಹೋಗಿ, ಬಾಯಿಯ ಊಹೆಯೇ ನಿಜವಾಗಿ, ವೀಸಾ ಕ್ಯಾನ್ಸಲ್ ಆದರೆ? ಪ್ಲಾಟ್‌ಫಾರಂ ಬಿಟ್ಟು ಕದಲಲಿಲ್ಲ. ನನ್ನ ಬೆಂಚಿನಲ್ಲಿ ಬೇರೆ ಯಾರೂ ಕೂರಲೂ ಇಲ್ಲ.

ದಿನವೂ ಸಂಜೆ ಸುಮತಿ ಕೆಂಪು ಕೆನ್ನೆ ಹೊತ್ತು ಬರುತ್ತಿದ್ದಳು. ಅಜ್ಜಿ ಅವಳಿಗೆ ಕಾಡು ಹಣ್ಣುಗಳ ಹೆಸರು ಹೇಳಿಕೊಟ್ಟರಂತೆ. ಇವಳು ಅವರಿಗೆ "ಎಂತ ಸಾವು ಮಾರಾಯ್ರೆ" ಕಲಿಸಿದಳಂತೆ.

ಟ್ರಿಯರ್‌ನಲ್ಲಿ ಪ್ರಿಸಿಲ್ಲಾ ಪೊಟ್ಟಣ ನೋಡಿ ಅತ್ತೇಬಿಟ್ಟಳು. ಕಣ್ಣೊರೆಸಿಕೊಂಡು ಅನ್ನಕ್ಕಿಟ್ಟು, ಮೀನು ಸುಟ್ಟು ಚಟ್ನಿ ಮಾಡಿದಳು. ಕೆಳಗಿನ ಮನೆಯವರು ಗಾಬರಿಯಿಂದ ಬೆಲ್ ಒತ್ತಿದರು. ನದಿಯುದ್ದಕ್ಕೂ ಬ್ರೆಡ್ ತಿಂದು ಬಂದ ಸುಮತಿ ಬೆವರುತ್ತಾ, ಸುಯ್ಯೆನ್ನುತ್ತಾ ಉಂಡಳು. "ಬಾಯಿ ಕಳಿಸಿದ್ದು ಭಾರೀ ಒಳ್ಳೇದಾಯ್ತು," ಎಂದಳು. ತಂದವರು ಯಾರೆಂಬ ಪ್ರಸ್ತಾಪ ಬರಲಿಲ್ಲ.

ಅಬುಧಾಬಿಗೆ ಮರಳಿದ ವಾರ ಸಿಸಿಲಿಯಾ ಬಾಯಿ ಚಹಾಕ್ಕೆ ಬಂದರು. ಸುಮತಿ ನದಿಯ ತಿರುವುಗಳನ್ನು, ಮರದ ಚೌಕಟ್ಟಿನ ಹಳೇ ಮನೆಗಳನ್ನು ಕೈಯಲ್ಲೇ ಚಿತ್ರ ಬರೆದು ತೋರಿಸಿದಳು. ನನ್ನನ್ನು ಮಾತಿಗೆ ಸೇರಿಸಲಿಲ್ಲವಲ್ಲ ಎಂದು ಬಾಯಿಗೆ ಮರುಕವಾಗಿರಬೇಕು.

"ನೀವು ಎಂತ ನೋಡಿದ್ರಿ ಶೆಟ್ರೇ?"

ಆ ರೈಲು ಮಾರ್ಗದ ಯಾವ ನಿಲ್ದಾಣದಲ್ಲಿ ಲಿಫ್ಟ್ ಉಂಟು, ಯಾವುದರಲ್ಲಿ ಬರೀ ಮೆಟ್ಟಿಲು, ಯಾವ ಪ್ಲಾಟ್‌ಫಾರಮಿನ ಬೆಂಚಿಗೆ ನೆರಳು ಬರುತ್ತದೆ ಎಂದು ಸವಿಸ್ತಾರವಾಗಿ ವಿವರಿಸಿದೆ. ಬಾಯಿ ತಾಳ್ಮೆಯಿಂದ ಕೇಳಿ, ಸುಮತಿಯ ಕಡೆಗೆ ತಿರುಗಿದರು.

"ಮತ್ತೆ, ಆ ಕೋಟೆ ಹೇಗಿತ್ತು?"

ನಾನೂ ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. ಅದು ನನಗೂ ತಿಳಿಯಬೇಕಿತ್ತು!