ಹರಕೆಯ ಕಾಯಿ

ಹರಕೆ ಹೊರುವಾಗ ನಾನು ಕೇಳಿಕೊಳ್ಳುವುದರ ಕಡೆಗೆ ಎಷ್ಟು ಗಮನ ಕೊಡುತ್ತೇನೋ, ಪ್ರಸಾದ ಯಾರ ಹೊಟ್ಟೆಗೆ ಹೋಗುತ್ತದೆ ಎಂಬುದರ ಕಡೆಗೆ ಅಷ್ಟು ಕೊಡುವುದಿಲ್ಲ. ಅದು ನನ್ನ ಹಳೆಯ ಕಾಯಿಲೆ. ಹೋದ ವರ್ಷ ನಮ್ಮೆಜಮಾನರು ಹಿರೇಹಳ್ಳಿಯ ಕಾರ್ಖಾನೆಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಜೊತೆಯವರು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದ್ದು ಶಿವನ ದಯೆ. ಬಟವಾಡಿಯ ಡಾಕ್ಟರು ತುಪ್ಪ, ಪಾಮಾಯಿಲ್ ಬಿಡಿಸಿ, ಕಡಲೆಕಾಯಿ ಎಣ್ಣೆಯನ್ನು ಅಳೆದು ಹಾಕಿ ಎಂದರು. ಅಂದಿನಿಂದ ನಮ್ಮನೆ ಒಗ್ಗರಣೆಗೆ ಚಟಪಟ ಎನ್ನುವುದಕ್ಕೂ ಶಕ್ತಿಯಿಲ್ಲ.

ಅಷ್ಟಕ್ಕೇ ಸುಮ್ಮನಿರದೆ, ಅವರ ರಕ್ತದ ಕೊಬ್ಬು ಇಳಿಯಲಿ ಎಂದು ಈಶ್ವರನ ಗುಡಿಯಲ್ಲಿ ನಲವತ್ತೆಂಟು ದಿನ ದಿನಕ್ಕೊಂದು ಕಾಯಿ ಒಡೆಸುವ ಹರಕೆ ಹೊತ್ತೆ. ಕಾಯಿ ಗುಬ್ಬಿಯಲ್ಲಿರುವ ನನ್ನ ತವರಿನ ತೋಟದ್ದು. ಒಡೆದದ್ದು ಪ್ರಸಾದ, ಎಸೆಯುವಂತಿಲ್ಲ. ಮನೆಯಲ್ಲಿರುವವರು ನಾವಿಬ್ಬರೇ. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಹುಳಿ, ಸಂಜೆ ಬೆಲ್ಲದ ಜೊತೆ ತುರಿ. ಹರಕೆ ಮುಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕೆಟ್ಟ ಕೊಲೆಸ್ಟ್ರಾಲ್ ಮೊದಲಿಗಿಂತ ಮೇಲೇರಿತ್ತು.

"ಏನಮ್ಮ, ಎಣ್ಣೆ ಬದಲಾಯಿಸ್ಲಿಲ್ವಾ?" ಎಂದರು ಡಾಕ್ಟರು.

"ಬದಲಾಯಿಸಿದೀನಿ ಸರ್. ಚಮಚದಲ್ಲಿ ಅಳೆದು ಹಾಕ್ತೀನಿ."

"ತೆಂಗಿನಕಾಯಿ?"

"ಅದು ಪ್ರಸಾದ ಅಲ್ವಾ ಸರ್? ದಿನಕ್ಕೊಂದೇ."

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಕಾಯಲ್ಲಿರೋ ಕೊಬ್ಬೂ ತುಪ್ಪದ ಜಾತೀದೇ ಕಣಮ್ಮ. ಎಷ್ಟು ತಿಂದ್ರು ಅಂತ ಮಾತ್ರ ಅಲ್ಲ, ಯಾವ ಕೊಬ್ಬು ತಿಂದ್ರು ಅಂತಾನೂ ರಕ್ತ ನೋಡುತ್ತೆ."

ಯಾರನ್ನು ಉಳಿಸಿಕೊಡು ಎಂದು ಬೇಡಿದ್ದೆನೋ ಅವರಿಗೇ ಆ ಕೊಬ್ಬನ್ನು ನನ್ನ ಕೈಯಾರೆ ಬಡಿಸಿದ್ದೆ.

ಹೊರಗೆ ಆಟೋಗೆ ಕಾಯುವಾಗ ಇವರು ಮೆಲ್ಲಗೆ ಹೇಳಿದರು: "ಹೋದ್ಸಲಾನೇ ಡಾಕ್ಟ್ರು ಕಾಯಿ ಕಮ್ಮಿ ಮಾಡಿ ಅಂದಿದ್ರು ಕಣೇ. ನೀನು ಮಾತ್ರೆ ತರಕ್ಕೆ ಹೋಗಿದ್ದೆ."

"ಗೊತ್ತಿದ್ದೂ ತಿಂದ್ರಾ? ಬಾಯಲ್ಲೇನು ಕಡುಬು ಇಟ್ಕೊಂಡಿದ್ರಾ?"

"ನೀನು ಮಂಡಿನೋವಲ್ಲೂ ದಿನಾ ಗುಡಿಗೆ ನಡೀತಿದ್ದೆ. ಬ್ಯಾಡ ಅನ್ನಕ್ಕೆ ಮನಸ್ಸು ಬರ್ಲಿಲ್ಲ ಬುಡು."

ಮದುವೆಯಾದಂದಿನಿಂದ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ತಕರಾರು ತೆಗೆಯುತ್ತಿದ್ದ ಮನುಷ್ಯ, ತಕರಾರು ತೆಗೆಯಲೇಬೇಕಿದ್ದ ಕಡೆ ಬಾಯಿ ಮುಚ್ಚಿಕೊಂಡು ಉಂಡಿದ್ದರು. ಬೈಯಲು ಹೋದವಳು ರಸ್ತೆಯಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಈಗ ಗುಡಿಗೆ ಬರಿಗೈಯಲ್ಲಿ ಹೋಗುತ್ತೇನೆ. ಇವರು ಇನ್ನೂ ನನ್ನ ಪಕ್ಕದಲ್ಲೇ ನಿಂತು ಕೈಮುಗಿಯುತ್ತಾರೆ, ಅಷ್ಟು ಸಾಕು. ನಾನು ಮಾತ್ರ ದೇವರಲ್ಲಿ ಏನನ್ನೂ ಕೇಳುವುದಿಲ್ಲ. ಕೇಳಿದರೆ ಅವನು ಕೊಡುವ ಮೊದಲೇ ನಾನೇನಾದರೂ ಮಾಡಿ ಬಡಿಸಿಬಿಟ್ಟೇನು ಎಂಬ ಭಯ.